ಕನಕಪ್ಪ ಬೂಟು ಸುಡಲಿಲ್ಲ

ಜನವರಿ ೮, ೨೦೨೪. ಬೆಳಿಗ್ಗೆ ೭.೪೦

ಆರು ಸುತ್ತು ಓಡಿಸಿದೆ. ಹನ್ನೊಂದು ಹುಡುಗಿಯರು ಬಂದಿದ್ದರು. ಉಳಿದವರಿಗೆ ಚಳಿ. ಅಂಕಿತಾ ಇವತ್ತೂ ಎಲ್ಲರಿಗಿಂತ ಅರ್ಧ ಸುತ್ತು ಮುಂದೆ — ಒಂಬತ್ತನೆಯ ತರಗತಿ, ಬರಿಗಾಲು, ಉಸಿರೇ ಕೇಳಿಸುವುದಿಲ್ಲ. ಅಕ್ಕಿಆಲೂರಿಗೆ ಪಿ.ಟಿ. ಟೀಚರ್ ಆಗಿ ಬಂದು ಒಂಬತ್ತು ವರ್ಷ. ಇಂಥ ಕಾಲು ಇನ್ನೊಂದು ನೋಡಿಲ್ಲ. ನನ್ನವೂ ಇಂಥವಾಗಿರಲಿಲ್ಲ.

ಬಸವೇಶ ಫೋನ್ ಮಾಡಿದ್ದ. ಹಿರೇಕೆರೂರು ಕಡೆಯವನು, ಎರಡು ಸಿನಿಮಾ ಮಾಡಿದ್ದಾನೆ, ಮೂರನೆಯದು ನನ್ನ ಮೇಲೆ, ನಾನು ಹುಡುಗಿಯಾಗಿದ್ದಾಗ ಓಡಿದ್ದರ ಮೇಲೆ. ಹೋದ ನವೆಂಬರಿನಲ್ಲಿ ಎರಡು ದಿನ ನನ್ನ ರೂಮಿನಲ್ಲೇ ಕೂತು, ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡು, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗಿದ್ದ. ಓದದೆ ಹಾಕಿದೆ. ಹದಿನೆಂಟು ವರ್ಷ ಯಾರೂ ಕೇಳದಿದ್ದದ್ದನ್ನು ಒಬ್ಬ ಕೇಳಿದ. ಅದಕ್ಕೇ ಹಾಕಿದೆ, ಬೇರೇನೂ ಅಲ್ಲ.

ಫೆಬ್ರುವರಿಯಲ್ಲಿ ಹಾನಗಲ್ಲಿನಲ್ಲಿ ಶೂಟಿಂಗ್. ಹೀರೋಯಿನ್‌ಗೆ ಓಡುವುದು ಕಲಿಸುವುದು ನನ್ನ ಕೆಲಸ. ಸಿನಿಮಾದ ಹೆಸರು ‘ಬೆಂಕಿಗಾಲಿನ ಹುಡುಗಿ’. ಬೆಂಕಿ ಯಾಕೆ ಅಂತ ಕೇಳಲಿಲ್ಲ.

ಜನವರಿ ೨೧

‘ರೆಫರೆನ್ಸ್‌ಗೆ ನೋಡ್ರಿ’ ಅಂತ ಬಸವೇಶ ಪೆನ್‌ಡ್ರೈವ್‌ನಲ್ಲಿ ಐದು ಓಟದ ಸಿನಿಮಾ ಕಳಿಸಿದ್ದ. ಶನಿವಾರ, ಭಾನುವಾರ ಎರಡೂ ದಿನ ಅದೇ ಕೆಲಸ. ಐದೂ ಕೆಟ್ಟವು. ಯಾವುದು ಹೆಚ್ಚು ಕೆಟ್ಟದ್ದು ಅಂತ ನಂಬರ್ ಕೊಡಲು ಹೋದೆ, ಆಗಲಿಲ್ಲ.

ಎಲ್ಲದರಲ್ಲೂ ಕೊನೆಯ ಸುತ್ತಿನಲ್ಲಿ ಬೀಳುತ್ತಾರೆ. ಬಿದ್ದು, ಸತ್ತವರನ್ನು ನೆನೆದು, ಎದ್ದು, ಗೆಲ್ಲುತ್ತಾರೆ. ಮೂರು ಸಾವಿರ ಮೀಟರ್ ಎರಡು ಸುತ್ತಿಗೇ ಮುಗಿಯುತ್ತದೆ. ಓಡುತ್ತ ಹಾಡುತ್ತಾರೆ. ಒಂದರಲ್ಲಿ ಹೀರೋ ಓಡುತ್ತಲೇ ವಿಲನ್‌ಗೆ ಬುದ್ಧಿ ಹೇಳುತ್ತಾನೆ. ಏಳು ಸುತ್ತಾದ ಮೇಲೆ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ ಮಾರಾಯ. ಬುದ್ಧಿ ಎಲ್ಲಿಂದ ಬರಬೇಕು?

ಸೋತವರ ಮುಖ ಒಂದರಲ್ಲೂ ತೋರಿಸಿಲ್ಲ.

ಫೆಬ್ರುವರಿ ೩. ಹಾನಗಲ್

ಗ್ರೌಂಡಿಗೆ ಸುಣ್ಣದ ಗೆರೆ ಎಳೆದಿದ್ದಾರೆ. ಮೂರು ಸಾವಿರ ಮೀಟರಿಗೆ ಸ್ಟಾರ್ಟಿಂಗ್ ಬ್ಲಾಕ್ ಇಟ್ಟಿದ್ದರು. ಇದು ನಿಂತು ಶುರು ಮಾಡುವ ಓಟ ಅಂದೆ. ಬಗ್ಗಿ ಕೂತರೆ ಶಾಟ್ ಚೆಂದ ಬರುತ್ತದಂತೆ. ಬಗ್ಗಿ ಕೂರಿಸಿದರು.

ಹೀರೋಯಿನ್ ಒಳ್ಳೆಯ ಹುಡುಗಿ. ಹಿಮ್ಮಡಿ ಊರಿ ಓಡುತ್ತಾಳೆ, ನೂರು ಮೀಟರಿಗೆ ಏದುಸಿರು. ಅವಳ ಹಿಂದೆ ಸೋಲುವವರು ನನ್ನ ಶಾಲೆಯ ಹುಡುಗಿಯರು. ಮೊದಲ ಟೇಕ್‌ನಲ್ಲಿ ಅಂಕಿತಾ ಹೀರೋಯಿನ್ನನ್ನು ದಾಟಿ ಹೋದಳು. ಕಟ್. ಎರಡನೆಯದರಲ್ಲೂ ದಾಟಿದಳು. ಮೂರನೆಯದರಲ್ಲಿ ಅಸಿಸ್ಟೆಂಟ್ ಒಬ್ಬ ಮೈಕಿನಲ್ಲಿ ಬೈದ. ನಾನೇ ಹೋಗಿ ಅವಳ ಭುಜ ಹಿಡಿದು, ನಿಧಾನ ಓಡು ಅಂದೆ. ನನ್ನ ಬಾಯಿಂದ.

“ಎಷ್ಟ ನಿಧಾನ್ರಿ ಟೀಚರ್?” ಅಂದಳು. ಕುಚೋದ್ಯವಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ ಅವಳಿಗೆ.

ಫೆಬ್ರುವರಿ ೬. ಹಾನಗಲ್

ಅಪ್ಪ ಸವಣೂರಿನಿಂದ ಬೆಳಗಿನ ಬಸ್ಸಿಗೆ ಬಂದ. ಯೂನಿಟ್ಟಿನವರಿಗೆಂದು ಒಂದು ಪೆಂಡಿ ವೀಳ್ಯದೆಲೆ, ತಿನ್ನುವ ಖಾರದ ಪೊಟ್ಟಣ. ಎಪ್ಪತ್ತೊಂದಾದರೂ ದಸ್ತಗೀರಸಾಬರ ಎಲೆತೋಟದ ಕೆಲಸ ಬಿಟ್ಟಿಲ್ಲ, ಇವತ್ತು ಮಾತ್ರ ರಜೆ ಕೇಳಿ ಬಂದಿದ್ದ. ಅಪ್ಪನ ಪಾರ್ಟಿನ ನಟನನ್ನು ಪರಿಚಯ ಮಾಡಿಸಿದರು. ರುಮಾಲು ಸುತ್ತುವುದು ಅವನಿಗೆ ಬರುತ್ತಿರಲಿಲ್ಲ. ಅಪ್ಪ ಕುರ್ಚಿಯ ಮೇಲೆ ಕೂರಿಸಿ, ನಾಲ್ಕು ಸಲ ಬಿಚ್ಚಿ ಸುತ್ತಿ, ಕಲಿಸಿಯೇ ಬಿಟ್ಟ. ಇಬ್ಬರೂ ಫೋಟೋ ತೆಗೆಸಿಕೊಂಡರು. ಬಸ್ಸು ಹತ್ತುವವರೆಗೂ ಅದನ್ನೇ ಹೇಳಿದ.

ಸಂಜೆ ಬಸವೇಶನಿಗೆ ಕೇಳಿದೆ, ಕೊನೆ ಹೇಗಿದೆ ಅಂತ. ಗೆಲ್ಲುತ್ತೀರಿ ಅಂದ. ನಾನು ದಾವಣಗೆರೆಯ ರಾಜ್ಯ ಕೂಟದಲ್ಲಿ ನಾಲ್ಕನೆಯವಳಾದೆ, ಅದನ್ನು ಎರಡೆರಡು ಸಲ ಹೇಳಿದ್ದೆ.

“ನಾಲ್ಕನೇದು ಕ್ಲೈಮ್ಯಾಕ್ಸ್ ಆಗಂಗಿಲ್ರಿ ಮೇಡಂ. ಅಡ್ಡಿ ಇರಬೇಕು, ಅದನ್ನ ದಾಟಬೇಕು.”

ಅಡ್ಡಿ ಏನಿತ್ತು? ಮುಂದೆ ಮೂರು ಹುಡುಗಿಯರಿದ್ದರು. ನನಗಿಂತ ಜೋರು ಓಡುತ್ತಿದ್ದರು. ಅಷ್ಟೇ.

ಆಗಸ್ಟ್ ೯. ರಾತ್ರಿ

ಬಿಡುಗಡೆ. ಹಾನಗಲ್ಲಿನಲ್ಲಿ ಮ್ಯಾಟ್ನಿಗೆ ಒಬ್ಬಳೇ ಹೋಗಿ ನೋಡಿ ಬಂದೆ.

ಸಿನಿಮಾದಲ್ಲಿ ನನ್ನ ಅಪ್ಪ ಕುಡುಕ. ಕೂಟಕ್ಕೆ ಹೊರಡುವ ಹಿಂದಿನ ದಿನ ನನ್ನ ಬೂಟನ್ನು ಅಂಗಳದಲ್ಲಿ ಸೀಮೆಎಣ್ಣೆ ಸುರಿದು ಸುಡುತ್ತಾನೆ. ನಾನು ಬೆಂಕಿಗೆ ಕಾಲಿಟ್ಟು ಬೂಟನ್ನು ಹೊರಗೆಳೆದುಕೊಳ್ಳುತ್ತೇನೆ. ಸುಟ್ಟ ಕಾಲಿನಲ್ಲಿ ಓಡಿ, ಕೊನೆಯ ಸುತ್ತಿನಲ್ಲಿ ಬಿದ್ದು, ಎದ್ದು, ಗೆಲ್ಲುತ್ತೇನೆ. ಸುಡುವವನ ತಲೆಯ ಮೇಲೆ ಅಪ್ಪನದೇ ರುಮಾಲು — ಎಡಕ್ಕೆ ಒಂದು ಸುತ್ತು ಹೆಚ್ಚು, ಅಪ್ಪ ಸುತ್ತುವ ಹಾಗೆಯೇ. ಪಕ್ಕದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಟೈಟಲ್‌ನಲ್ಲಿ ದೊಡ್ಡದಾಗಿ ‘ನಿಜ ಜೀವನದ ಕಥೆ’, ಕೊನೆಯಲ್ಲಿ ನನ್ನ ಫೋಟೋ.

ಐದು ಕೆಟ್ಟ ಸಿನಿಮಾ ನೋಡಿ ನಕ್ಕಿದ್ದೆ. ಆರನೆಯದಕ್ಕೆ ನಂಬರ್ ಕೊಡುವುದು ಕಷ್ಟವಾಗಲಿಲ್ಲ.

ಖರೇ ಏನೆಂದರೆ, ಬೂಟಿನ ಮಾತು ಕೊಟ್ಟವಳು ನಾನೇ. ಮನೆಯಲ್ಲಿ ವಿರೋಧ ಇತ್ತೇ ಅಂತ ಬಸವೇಶ ಹತ್ತು ಸಲ ಕೇಳಿದ. ಇಲ್ಲ ಅಂದೆ. ಅಪ್ಪ ಎಲೆ ಪೆಂಡಿ ಕಟ್ಟಿದ ಸೈಕಲ್ಲನ್ನು ನನ್ನ ಪಕ್ಕ ತುಳಿಯುತ್ತ ಬಸ್‌ಸ್ಟ್ಯಾಂಡ್‌ವರೆಗೆ ನನ್ನನ್ನು ಓಡಿಸುತ್ತಿದ್ದ, ಅಂದೆ. ಅದನ್ನು ಅವನು ಬರೆದುಕೊಳ್ಳಲಿಲ್ಲ. ಹನ್ನೊಂದನೆಯ ಸಲ ಕೇಳಿದಾಗ ನಗುತ್ತ ಹೇಳಿದೆ: ಎಸ್ಸೆಸ್ಸೆಲ್ಸಿ ಪ್ರಿಪರೇಟರಿಯಲ್ಲಿ ಗಣಿತ ಫೇಲಾದಾಗ ಅಪ್ಪ ಸಿಟ್ಟಿನಲ್ಲಿ ಬೂಟನ್ನು ದನದ ಕೊಟ್ಟಿಗೆಯ ತಗಡಿನ ಮೇಲೆ ಒಗೆದಿದ್ದ. ಮರುದಿನ ಮುಂಜಾನೆ ತಾನೇ ಏಣಿ ಹಾಕಿ ಇಳಿಸಿ, ಮಂಜು ಒರೆಸಿ, ಕೊಟ್ಟ.

ಏಣಿಯ ಮಾತನ್ನೂ ಹೇಳಿದ್ದೆ. ಹೇಳಿದ್ದೆ ಅಂತಲೇ ನೆನಪು.

ಆಗಸ್ಟ್ ೧೧

ಅಪ್ಪ ಮೂರು ಸಲ ಫೋನ್ ಮಾಡಿದ. ಸವಣೂರಿಗೆ ಯಾವಾಗ ಬರುತ್ತದೆ ಅಂತ. ಬರುವುದಿಲ್ಲ, ಸಿನಿಮಾ ಸರಿ ಓಡುತ್ತಿಲ್ಲ, ತೆಗೆದುಬಿಡುತ್ತಾರೆ ಅಂದೆ. ಪಾಪ, ಆ ನಟನಿಗೆ ಬ್ಯಾಸರ ಆಗಿರಬೇಕು ಅಂದ.

ಆಗಸ್ಟ್ ೧೪

ದಸ್ತಗೀರಸಾಬರ ಫೋನ್. ನಿನ್ನೆಯಿಂದ ಸವಣೂರಿನಲ್ಲೇ ಹಾಕಿದ್ದಾರೆ. ತೋಟದವರೆಲ್ಲ ಅಪ್ಪನನ್ನು ನಡುವೆ ಕೂರಿಸಿಕೊಂಡು ನೋಡಿದರಂತೆ. ಬೂಟಿನ ಸೀನು ಬಂದಾಗ ಯಾರೂ ಪಕ್ಕಕ್ಕೆ ತಿರುಗಲಿಲ್ಲವಂತೆ. ಸಾಬರು, ಹಿಂಗ್ಯಾಕ ಮಾಡಿದಿ ಬೇಟಾ ಅಂದರು.

ಅಪ್ಪ ಏನಂದ ಅಂತ ಕೇಳಿದೆ.

“ಹೊರಗ ಬಂದು ಒಂದ ಮಾತ ಅಂದ. ಅಂವ ರುಮಾಲ ಚಲೋ ಸುತ್ಯಾನ, ಅಂತ.”

ಆಗಸ್ಟ್ ೧೮. ಸವಣೂರು

ಅವ್ವ ನನ್ನ ಮುಖ ನೋಡದೆ ರೊಟ್ಟಿ ಹಾಕಿದಳು. ಅಪ್ಪ ಚಹಾದಂಗಡಿಗೆ ಹೋಗುವುದು ಬಿಟ್ಟಿದ್ದಾನೆ. ಅಲ್ಲಿ ಗುದ್ಲೆಪ್ಪ ತನ್ನ ಚಪ್ಪಲಿ ಕಳಚಿ ಬೆಂಚಿನ ಕೆಳಗೆ ಸರಿಸಿ, ಕನಕಪ್ಪ ಬಂದಾನ, ನಿಮ್ಮ ನಿಮ್ಮ ಚಪ್ಪಲಿ ಜ್ವಾಕಿ ಅಂದನಂತೆ. ಎಲ್ಲರೂ ನಕ್ಕರು. ಅಪ್ಪನೂ ನಕ್ಕು, ಚಹಾ ಅರ್ಧಕ್ಕೆ ಬಿಟ್ಟು ಬಂದ.

ನಾನು ಕ್ಷಮಿಸು ಅಂದೆ. ಸಿನಿಮಾ ಅಲ್ಲೇನು, ಇರ್ಲಿ ಬಿಡು ಅಂದ. ಅಡಿಕೆ ಕತ್ತರಿಸುತ್ತಿದ್ದ. ತಲೆ ಎತ್ತಲಿಲ್ಲ.

ಹೊರಗೆ ಬಂದು ಬಸವೇಶನಿಗೆ ಫೋನ್ ಮಾಡಿದೆ. ನಿಜ ಜೀವನದ ಕಥೆ ಅನ್ನುವುದನ್ನು ತೆಗೆ ಅಂದೆ. ಪ್ರಿಂಟ್ ಲಾಕ್ ಆಗಿದೆ, ಇನ್ನು ಏನೂ ಬದಲಿಸಲು ಬರುವುದಿಲ್ಲವಂತೆ. ಕಾಗದದಲ್ಲಿ ‘ಕಥೆಗೆ ಬೇಕಾದ ಬದಲಾವಣೆ’ ಅಂತ ಇದೆಯಂತೆ, ನನ್ನ ಸಹಿ ಅದರ ಕೆಳಗೇ ಇದೆಯಂತೆ. ಆಮೇಲೆ ಮೆತ್ತಗೆ ಹೇಳಿದ — ಇಪ್ಪತ್ತೊಂಬತ್ತಕ್ಕೆ ಕ್ರೀಡಾ ದಿನ, ಹಿರೇಕೆರೂರಿನಲ್ಲಿ ನಮ್ಮ ಗೆಳೆಯರು ನಿಮಗೆ ಸನ್ಮಾನ ಇಟ್ಟಿದ್ದಾರೆ, ತಂದೆಯವರನ್ನೂ ಕರೆತನ್ನಿ.

ಹೋಗುತ್ತೇನೆ. ಮೈಕ್ ಕೊಟ್ಟೇ ಕೊಡುತ್ತಾರೆ. ಎಲ್ಲರ ಮುಂದೆ ಹೇಳುತ್ತೇನೆ.

ಆಗಸ್ಟ್ ೨೯. ರಾತ್ರಿ ೧೧

ಬರೆಯಬೇಕು. ಇವತ್ತೇ ಬರೆಯದಿದ್ದರೆ ನಾನೂ ಬೇರೆ ಏನೋ ಮಾಡಿಬಿಡುತ್ತೇನೆ ಇದನ್ನು.

ಎಂಟುನೂರು ಜನ ಇದ್ದರು. ಹೆಚ್ಚಿನವರು ಶಾಲೆಯ ಮಕ್ಕಳು. ಅಪ್ಪ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. ರುಮಾಲು ಇರಲಿಲ್ಲ. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದೆ. ನನಗೆ ಶಾಲು ಹೊದಿಸಿದರು. ನಿರೂಪಣೆ ಮಾಡುತ್ತಿದ್ದ ವಾಣಿಶ್ರೀ ಎನ್ನುವ ಹುಡುಗಿ ಮೈಕನ್ನು ನನಗೆ ಕೊಡುವ ಬದಲು ಅಪ್ಪನ ಬಾಯಿಗೆ ಹಿಡಿದಳು. ಸಿನಿಮಾದಲ್ಲಿ ನೋಡಿದ್ದೇವೆ, ಅವತ್ತು ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಕೇಳಿದಳು.

ಅಪ್ಪ ನನ್ನ ಕಡೆ ನೋಡಿದ. ಬಹಳ ಹೊತ್ತಲ್ಲ. ಆಮೇಲೆ ಮಕ್ಕಳ ಕಡೆ ತಿರುಗಿ —

“ಸುಟ್ಟಿದ್ದು ಖರೇ. ತಿಳೀಲಿಲ್ಲ ನನಗ ಆಗ. ತಪ್ಪಾತು.”

ಚಪ್ಪಾಳೆ. ಎದ್ದು ನಿಂತು ಚಪ್ಪಾಳೆ ಹೊಡೆದರು. ಅಪ್ಪನಿಗೂ ಶಾಲು ಹೊದಿಸಿದರು. ಆಮೇಲೆ ಮೈಕ್ ನನ್ನ ಕೈಗೆ ಬಂತು. ಚೀಟಿ ಪರ್ಸಿನಲ್ಲಿತ್ತು. ಎಲ್ಲರಿಗೂ ಧನ್ಯವಾದ ಅಂದೆ. ಕೂತೆ.

ಹದಿನೆಂಟು ವರ್ಷದ ಹಿಂದೆ ಮೂವರ ಹಿಂದೆ ಓಡಿದೆ. ಇವತ್ತು ಎಲ್ಲರ ಹಿಂದೆ.

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಅಪ್ಪ. ಹಾಗೇಕೆ ಅಂದೆ ಅಂತ ಕೇಳಿದೆ. ಟಿಕೆಟ್ಟನ್ನು ಅಂಗಿಯ ಜೇಬಿಗಿಟ್ಟು ಹೇಳಿದ.

“ನೀ ಸಹಿ ಮಾಡೀದಿ. ಅಷ್ಟ ಮಂದಿ ಮುಂದ ಮಗಳನ್ನ ಸುಳ್ಳಿ ಮಾಡ್ಲೇನು?”

ನಾಳೆ ಪೇಪರಿನವರಿಗೆ ಹೇಳುತ್ತೇನೆ ಅಂದೆ. ಆಗ ಮಾತ್ರ ಸಿಟ್ಟಿಗೆದ್ದ. ಸ್ಟೇಜಿನ ಮೇಲೆ ನಿಂತು ಹೇಳಿದ ಮಾತು ಸುಳ್ಳೆಂದು ನಾಳೆ ನೀನು ಹೇಳಿದರೆ, ಊರಿಗೆ ನಾನು ಎರಡು ಸಲ ಕೆಟ್ಟವನಾಗುತ್ತೇನೆ, ಬೇಡ ಅಂದ. ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ.

ಅಕ್ಟೋಬರ್ ೨೪

ಎರಡು ತಿಂಗಳು ಬರೆದಿಲ್ಲ. ಬರೆಯಲು ಏನಿದೆ.

ಅಂಕಿತಾ ಜಿಲ್ಲಾ ಕೂಟಕ್ಕೆ ಆಯ್ಕೆಯಾದಳು. ಒಪ್ಪಿಗೆ ಫಾರ್ಮಿಗೆ ಅವರಪ್ಪ ಕರಬಸಪ್ಪ ಬಂದಿದ್ದರು. ಹೋದ ವರ್ಷ ಇದೇ ಫಾರ್ಮಿಗೆ ಮೂರು ಸಲ ಮನೆಗೆ ಅಲೆದರೂ ಸಹಿ ಹಾಕಿರಲಿಲ್ಲ. ಈ ಸಲ ಪೆನ್ನು ತಾವೇ ತಂದಿದ್ದರು. ಸಹಿ ಹಾಕುತ್ತ ನಕ್ಕರು: “ಇಲ್ಲಂದ್ರ ನಾನೂ ಕನಕಪ್ಪ ಆಗ್ತೇನಲ್ರಿ.”

ಹೇಳಿದ ಮೇಲೆ ಯಾರ ಮುಂದೆ ಹೇಳಿದೆ ಅನ್ನುವುದು ಅವರಿಗೆ ಹೊಳೆಯಿತು. ಪೆನ್ನು ಮರೆತು ಹೋದರು.

ಹುಡುಗಿ ಓಡುತ್ತಾಳೆ. ಅದಕ್ಕಾದರೂ ಸಂತೋಷ ಪಡಬೇಕು. ಎಲ್ಲರೂ ಹಾಗೆಯೇ ಹೇಳುತ್ತಾರೆ — ಸಿನಿಮಾದಿಂದ ಒಳ್ಳೆಯದಾಯಿತು ಅಂತ. ಆಗಿರಬಹುದು. ಅದರ ಬೆಲೆ ಯಾರ ಹೆಸರಿನಿಂದ ಹೋಯಿತು ಅಂತ ಒಬ್ಬರೂ ಕೇಳುವುದಿಲ್ಲ.

ಜನವರಿ ೧೨, ೨೦೨೫. ಸವಣೂರು

ಬಂದ ಕೂಡಲೇ ಅವ್ವ ಅಡುಗೆಮನೆಗೆ ಕರೆದಳು. ದನಿ ಇಳಿಸಿ ಹೇಳಿದಳು, ನಿಮ್ಮಪ್ಪ ಮೊನ್ನೆ ಒಂದು ಮಾತು ಕೇಳಿದ ಅಂತ. ‘ಆ ಬೂಟ ನಾ ಯಾವ ಒಲಿಗೆ ಹಾಕಿದ್ದೆ? ನೀರಿನ ಒಲಿಗೋ, ಅಡಗಿ ಒಲಿಗೋ?’ ಅವ್ವ ಮೊದಲು ಚೇಷ್ಟೆ ಅಂದುಕೊಂಡಳು. ಚೇಷ್ಟೆಯಲ್ಲ. ಉತ್ತರಕ್ಕೆ ಕಾಯುತ್ತಿದ್ದನಂತೆ.

ಅಂಗಳದಲ್ಲಿ ಎಲೆ ಆರಿಸುತ್ತ ಕೂತಿದ್ದ. ನಾನೂ ಎದುರು ಕೂತು ಒಂದು ಕಟ್ಟು ಬಿಚ್ಚಿದೆ. ಕೇಳುವ ಮೊದಲೇ ಅವನೇ ಶುರು ಮಾಡಿದ.

“ರಬ್ಬರಿನ ತಳ ಅಲ್ಲೇನು ಅದಕ್ಕ. ಎರಡ ದಿನ ಮನ್ಯಾಗ ವಾಸನಿ ಹೋಗ್ಲಿಲ್ಲ. ನೀ ಮೂಲ್ಯಾಗ ಕುಂತು ಅತ್ತಿ. ಅದು ಬರ್ತದ ಕಣ್ಣ ಮುಂದ.”

ವಾಸನೆ ಸಿನಿಮಾದಲ್ಲಿ ಇರಲಿಲ್ಲ. ಮೂಲೆಯೂ ಇರಲಿಲ್ಲ.

ಅಪ್ಪಾ, ನೀನು ಸುಡಲೇ ಇಲ್ಲ ಅಂದೆ. ಮೊದಲಿನಿಂದ ಹೇಳಿದೆ — ಗಣಿತದ ಮಾರ್ಕ್ಸ್, ಕೊಟ್ಟಿಗೆಯ ತಗಡು, ಏಣಿ, ನೀನು ಹಿಡಿ ಅಂದದ್ದು, ನಾನು ಹಿಡಿದದ್ದು. ಸಣ್ಣ ಮಕ್ಕಳ ಮಾತು ಕೇಳುವ ಹಾಗೆ ತಲೆಯಾಡಿಸುತ್ತ ಕೇಳಿದ. ನಡುವೆ ಒಂದು ಕೊಳೆತ ಎಲೆ ತೆಗೆದು ಆಚೆ ಇಟ್ಟ.

“ಸಮಾಧಾನ ಮಾಡಬ್ಯಾಡವಾ,” ಅಂದ. “ನೀ ಮನಸಿನ್ಯಾಗ ಇಟ್ಕೊಂಡಿಲ್ಲ, ಅದಕ್ಕ ಹಂಗ ಹೇಳ್ತಿ.”

ಎದ್ದು, ನನ್ನ ತಲೆಯ ಮೇಲೆ ಕೈಯಿಟ್ಟು, ಒಳಗೆ ಹೋದ. ಅವನ ಹಿಂದೆಯೇ ಹೋದೆ. ಬಾಗಿಲಲ್ಲಿ ತಡೆದೆ. ಅಪ್ಪಾ, ಸುಟ್ಟಿದ್ದರೆ ಹೇಗೆ, ಆ ಬೂಟು ಹಾಕಿಕೊಂಡೇ ಅಲ್ಲವೇ ನಾನು ದಾವಣಗೆರೆಯಲ್ಲಿ ಓಡಿದ್ದು ಅಂದೆ. “ಅದು ಸುಟ್ಟಿತ್ತಲ್ಲವಾ, ಅದಕ್ಕ ನಾಲ್ಕನೇದಕಿ ಆದಿ,” ಅಂದ.