ಫಕೀರವ್ವನ ಉಳಿವಂಕ

ಗದಗ ಸೀಮೆ, ಕ್ರಿ.ಶ. ೨೧೯೧, ಫಾಲ್ಗುಣ

ನನಗಿಂತ ನೂರೈವತ್ತು ವರ್ಷ ಹಿಂದಿರುವವರೇ,

ನಿಮ್ಮ ಕಿವಿಗೆ ಒಗ್ಗದ ಒಂದೆರಡು ಮಾತು ಈ ಪತ್ರದಲ್ಲಿ ಬರುತ್ತವೆ, ಮನ್ನಿಸಿ. ನನ್ನ ಹೆಸರು ನೀಲಾಂಬಿಕಾ, ವಯಸ್ಸು ಎಂಬತ್ತೊಂದು. ಮೂವತ್ತೊಂದು ವರ್ಷದ ಹಿಂದೆ ಮಾಡಿದ ಒಂದು ಕೆಲಸವನ್ನು ನನ್ನ ಕಾಲದವರೆದುರು ಬಾಯಿಬಿಟ್ಟು ಹೇಳಲಾರದೆ ನಿಮಗೆ ಬರೆಯುತ್ತಿದ್ದೇನೆ. ಇದೂ ಹೇಡಿತನವೇ.

ನಾನು ಅಳತೆಗಾರ್ತಿಯಾಗಿದ್ದೆ. ಎಪ್ಪತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ನಮ್ಮ ಕೇಂದ್ರಕ್ಕೆ ಬರಬೇಕಿತ್ತು. ಕೈಯೂರದೆ ನೆಲದಿಂದ ಏಳಬೇಕು, ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲಬೇಕು, ನಡೆಹಾಸಿನ ಮೇಲೆ, ಅಂದರೆ ಹೆಜ್ಜೆಯ ವೇಗ ಅಳೆಯುವ ಚಾಪೆಯ ಮೇಲೆ, ನಡೆಯಬೇಕು. ಮುಷ್ಟಿಯ ಬಲ ತೋರಿಸಬೇಕು. ಕೇಳಿಸಿದ ಹತ್ತು ಪದಗಳನ್ನು ಕಾಲು ಗಂಟೆಯ ಬಳಿಕ ಮರಳಿ ಹೇಳಬೇಕು. ಇವೆಲ್ಲ ಕೂಡಿ ಬರುವ ಸಂಖ್ಯೆಯೇ ಉಳಿವಂಕ: ಈ ಜೀವ ಇನ್ನೆಷ್ಟು ಕಾಲ ಬಾಳೀತೆಂಬ ಅಂದಾಜು. ಯಾರಿಗೆ ಶಸ್ತ್ರಚಿಕಿತ್ಸೆ, ಯಾರಿಗೆ ಬರೀ ನೋವಿನ ಗುಳಿಗೆ ಎಂಬುದು ಅದರ ಮೇಲೆಯೇ ತೀರ್ಮಾನವಾಗುತ್ತಿತ್ತು. ನಮ್ಮ ಊರಲ್ಲಿ ಮನೆಗಳ ಕೆಳ ಅಂತಸ್ತುಗಳೆಲ್ಲ ನೀರಿನ ತೊಟ್ಟಿಗಳು, ಜನರ ವಾಸ ಮೂರು, ನಾಲ್ಕನೆಯ ಮಹಡಿಗಳಲ್ಲಿ. ಲಿಫ್ಟಿಗೆ ಕರೆಂಟು ಆಸ್ಪತ್ರೆಯಲ್ಲಿ ಮಾತ್ರ. ಸೊಂಟದ ಕೀಲು ಸವೆದವರು ಮೆಟ್ಟಿಲಿಳಿಯಲಾರದೆ ಮೇಲೆಯೇ ಉಳಿದುಬಿಡುತ್ತಿದ್ದರು.

ಆ ವರ್ಷ ನಮ್ಮ ಭಾಗಕ್ಕೆ ಬಂದದ್ದು ಒಂದೇ ಹೊಸ ಕೀಲು. ಕೊನೆಗೆ ಉಳಿದವರು ಇಬ್ಬರು: ಕೌದಿ ಹೊಲಿಯುವ ಎಪ್ಪತ್ತಾರರ ಫಕೀರವ್ವ, ಮತ್ತು ನನಗಿಂತ ಇಪ್ಪತ್ತೊಂದು ವರ್ಷ ಹಿರಿಯನಾದ ನನ್ನ ಒಡಹುಟ್ಟಿದ ಅಣ್ಣ ಈರಬಸಪ್ಪ. ಅಣ್ಣನನ್ನು ಅಳೆದವಳು ಬೇರೊಬ್ಬಳು. ಆದರೆ ಆ ಹತ್ತು ಪದಗಳನ್ನು ಹಿಂದಿನ ದಿನವೇ ಮನೆಯಲ್ಲಿ ಅವನಿಗೆ ಬಾಯಿಪಾಠ ಮಾಡಿಸಿದವಳು ನಾನು.

ಕಷ್ಟಪಟ್ಟು ಕೊನೆಯ ಸಲ ಮೆಟ್ಟಿಲಿಳಿದು ಬಂದಿದ್ದ ಫಕೀರವ್ವನನ್ನು ನಾನೇ ಅಳೆದೆ. ಆಕೆಯ ಮುಷ್ಟಿಯಷ್ಟು ಗಟ್ಟಿ ಮುಷ್ಟಿಯನ್ನು ಆ ವಾರ ನಾನು ಕಂಡಿರಲಿಲ್ಲ. ಪದಗಳು ಮಾತ್ರ ಮೂರೇ ನೆನಪಾದವು. ಕೇಳಿಸಿದ್ದು ಪಿಯಾನೊ, ಜಿರಾಫೆ, ಲಂಗರು ಎಂಬಂಥ ಪದಗಳು.

“ಇವನ್ನೆಲ್ಲ ನಾ ಕಂಡಾಕೇ ಅಲ್ಲವ್ವ,” ಎಂದು ಆಕೆ ನಕ್ಕಳು. “ನಮ್ಮ ಓಣಿಯಾಗ ಯಾವ ಕೂಸು ಯಾವಾಗ ಹುಟ್ಟೈತಿ ಕೇಳು, ಒಂದೂ ಬಿಡದಂಗ ಹೇಳತೀನಿ.”

ಹೇಳಿಯೂ ಬಿಟ್ಟಳು. ವಾರ, ತಿಂಗಳು, ಸೂಲಗಿತ್ತಿಯ ಹೆಸರು ಸಮೇತ ಅರವತ್ತು ಕೂಸುಗಳು. ಇಂಥದ್ದನ್ನು ಬರೆಯಲೆಂದೇ ಅಳತೆಯ ಹಾಳೆಯ ಕೊನೆಗೆ ಜಾಗವಿತ್ತು. ಅಲ್ಲಿ ಎರಡು ಸಾಲು ಬರೆದಿದ್ದರೆ ಕೀಲು ಆಕೆಗೆ ಹೋಗುತ್ತಿತ್ತು. ನಾನು ಖಾಲಿ ಬಿಟ್ಟೆ. ಒಮ್ಮೆ ಹೊರಬಿದ್ದವರನ್ನು ಪಟ್ಟಿಗೆ ಮತ್ತೆ ಸೇರಿಸುತ್ತಿರಲಿಲ್ಲ.

ಅಣ್ಣ ನಾಲ್ಕು ವರ್ಷ ನೆಟ್ಟಗೆ ನಡೆದಾಡಿದ, ಆಮೇಲೆ ಎದೆ ನಿಂತು ಹೋದ. ಫಕೀರವ್ವನ ಮನೆಯ ಮೆಟ್ಟಿಲು ಹತ್ತಲು ನನಗೆ ಹನ್ನೊಂದು ವರ್ಷ ಹಿಡಿಯಿತು.

“ಆ ಕೀಲು ನಿಮಗ ಬರಬೇಕಾಗಿತ್ತು. ನಾ ಮೋಸ ಮಾಡಿ ನಮ್ಮಣ್ಣಗ ಕೊಡಿಸಿದೆ,” ಎಂದೆ.

ಆಕೆ ಕೌದಿಯಿಂದ ತಲೆ ಎತ್ತಲಿಲ್ಲ. “ಗೊತ್ತೈತಿ. ನಿಮ್ಮಣ್ಣ ಹೊಸಾ ಕಾಲ್ಲೆ ನಡಿಯಾಕ ಹತ್ತಿದ ತಿಂಗಳದಾಗ ಇಲ್ಲಿ ಹತ್ತಿ ಬಂದು ಅತ್ತು ಹೋದ. ತಂಗೀ ಹೆಸರು ಹೊರಗ ಹಾಕಬ್ಯಾಡ ಅಂದ, ಹಾಕಲಿಲ್ಲ. ನೀನೂ ಬರತಿ ಅಂತ ತಿಳದಿದ್ದೆ.”

ಕುಡಿಯಲು ನೀರು ಕೊಟ್ಟಳು. ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಫಕೀರವ್ವ ತೀರಿಕೊಂಡದ್ದು ನೂರಾ ಎರಡನೆಯ ವಯಸ್ಸಿನಲ್ಲಿ. ಕೇಂದ್ರದ ಕೆಲವರು, ಕೀಲಿಲ್ಲದಿದ್ದರೂ ಆಕೆ ಬಾಳಿದಳಲ್ಲ, ನಷ್ಟವೇನಾಯಿತು ಎಂದರು. ಇಪ್ಪತ್ತಾರು ವರ್ಷ ಆಕೆ ನೆಲಕ್ಕೆ ಕಾಲಿಡಲಿಲ್ಲ. ಸ್ವಂತ ತಂಗಿಯ ಹೆಣ ಹೋಗುವುದನ್ನು ಕಿಟಕಿಯಿಂದ ನೋಡಿದಳು. ಬೇಗ ಸತ್ತಿದ್ದರೆ ನನ್ನ ತಪ್ಪು ಚಿಕ್ಕದಿರುತ್ತಿತ್ತು. ಆಕೆ ಬದುಕಿದ ಒಂದೊಂದು ವರ್ಷವೂ ಅದನ್ನು ಬೆಳೆಸಿತು. ಆ ವರ್ಷಗಳಲ್ಲಿ, ಆಕೆ ಇನ್ನೂ ಇದ್ದಾಳೆಯೇ ಎಂದು ವಿಚಾರಿಸುವಾಗ, ಯಾವ ಉತ್ತರ ಬರಲಿ ಎಂದು ಬಯಸುತ್ತಿದ್ದೆನೋ ಅದನ್ನು ಇಲ್ಲಿಯೂ ಬರೆಯಲಾರೆ.

ನಿಮ್ಮ ಕಾಲದಲ್ಲಿ ಇಂಥ ಪರೀಕ್ಷೆಗಳು ಆಗಲೇ ಶುರುವಾಗಿದ್ದವೆಂದು ಕೇಳಿದ್ದೇನೆ. ಅವು ಸುಳ್ಳಲ್ಲ. ನಿಮ್ಮ ಕಾಲು, ಕೈ, ನೆನಪುಗಳನ್ನು ನೋಡಿಕೊಳ್ಳಿ, ಗಟ್ಟಿ ಮಾಡಿಕೊಳ್ಳಿ. ಆದರೆ ಯಾರು ಎಷ್ಟು ದಿನ ಇರುತ್ತಾರೆಂದು ಲೆಕ್ಕ ಹಾಕಿ, ಅಷ್ಟನ್ನೇ ಅವರಿಗೆ ಕೊಡುವ ಪದ್ಧತಿಯನ್ನು ದಯವಿಟ್ಟು ಹುಟ್ಟುಹಾಕಬೇಡಿ. ಹುಟ್ಟಿದರೆ ಅದನ್ನು ನಡೆಸಲು ನನ್ನಂಥವರೇ ಸಿಗುತ್ತಾರೆ.

ನೀಲಾಂಬಿಕಾ