ಬೆಂಗಳೂರಲ್ಲಿ ತೋಟ ಎಲ್ಲೈತೆ?

14-12-79, ಶುಕ್ರವಾರ. ತಿಪಟೂರು ಹಾಸ್ಟೆಲ್

ಮತ್ತೆ ಅದೇ ಉಪ್ಪಿಟ್ಟು, ತಣ್ಣಗೆ. ಅರ್ಧ ಬಿಟ್ಟೆ.

ನಾಳೆ ಬೆಂಗಳೂರು ಟ್ರಿಪ್. ಕಾಲೇಜಿನಿಂದ ಹುಡುಗಿಯರನ್ನೂ ಕರೆದೊಯ್ಯುವುದು ಇದೇ ಮೊದಲು. ಒಂದು ಕಂಪ್ಲೇಂಟ್ ಬಂದರೂ ಮುಂದಿನ ವರ್ಷದಿಂದ ಇಲ್ಲ — ಹಿಸ್ಟರಿ ಮೇಷ್ಟ್ರ ಎಚ್ಚರಿಕೆ. ಬಂದ ಮೇಲೆ ಮ್ಯಾಗಜೀನ್‌ಗೆ 'ನೋಡತಕ್ಕ ಸ್ಥಳಗಳು' ಅಂತ ರಿಪೋರ್ಟ್ ನಾನೇ ಬರೆಯಬೇಕಂತೆ. ತುಮಕೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಓದಿದ್ದಕ್ಕೆ ಶಿಕ್ಷೆ.

ಬೆಂಚ್‌ಮೇಟ್ ಶಿವರುದ್ರಮ್ಮನೂ (ನಮ್ಮ ರುದ್ರಿ) ಬರುತ್ತಾಳೆ. ಹೊನ್ನವಳ್ಳಿಯವಳು. ಅವಳ ತಂದೆ ನಂಜುಂಡಪ್ಪನವರನ್ನು ಒಪ್ಪಿಸಿದ್ದು ನಾನು. "ನಿನ್ನ ನಂಬಿ ಕಳಿಸ್ತಿದೀನಿ ಕಣವ್ವ" ಅಂದರು.

ರುದ್ರಿಯ ಪ್ಲಾನ್: "ಈಗಿಂದಾನೇ ನೀರು ಮುಟ್ಬಾರ್ದು ಕಣೇ. ಅಲ್ಲಿ ತೋಟ ಗೀಟ ಇರ್ತವೋ ಇಲ್ವೋ." ನಮ್ಮ ಕಡೆ ಹೆಂಗಸರು ತೋಟಕ್ಕೆ ಹೋಗಿ ಬರುತ್ತೇನೆ ಅಂದರೆ ಅದಕ್ಕೇ, ಬಯಲಕಡೆಗೆ. ಕಾನ್ವೆಂಟಿನಲ್ಲಿ 'ಮೇ ಐ ಗೋ ಔಟ್, ಸಿಸ್ಟರ್'. ಎರಡೂ ಗೊತ್ತು. ಮೇಷ್ಟ್ರ ಮುಂದೆ ಎರಡೂ ಬಾಯಿಗೆ ಬರುವುದಿಲ್ಲ.

16-12-79, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಛೀ. ಇನ್ನೂ ಮೂಗಿನಲ್ಲಿ ಆ ವಾಸನೆ.

ವಿಧಾನಸೌಧ — ಹೊರಗಿನಿಂದ. ಮೇಷ್ಟ್ರು ಕಂಬಗಳನ್ನು ವಿವರಿಸಿದ್ದೇ ವಿವರಿಸಿದ್ದು. ನಾನು ಮೂಲೆಗಳನ್ನು ನೋಡುತ್ತಿದ್ದೆ. ಹುಡುಗರು ಎಲ್ಲೋ ಒಂದು ಗೋಡೆಯ ಹಿಂದೆ ಹೋಗಿ ಸಿಳ್ಳೆ ಹಾಕುತ್ತಾ ಬಂದರು. ಕಬ್ಬನ್ ಪಾರ್ಕ್ — ಪೊದೆಗಳಿದ್ದವು, ಪೊದೆಗೊಂದು ಜೋಡಿ.

ಊಟದ ಹೋಟೆಲಿನ ಹಿಂದೆ 'ಇದೆ' ಅಂದರು. ಇತ್ತು. ಬಾಗಿಲಿಗೆ ಚಿಲಕವಿಲ್ಲ. ತುಂಬಿ ಹೊರಗೆ ಹರಿದು, ಕಾಲಿಡಲು ಜಾಗವಿಲ್ಲ, ನೊಣಗಳು ಮುಖಕ್ಕೇ... ಸೆರಗು ಮೂಗಿಗೆ ಒತ್ತಿಕೊಂಡು ವಾಪಸ್. ಮೊಸರನ್ನವೂ ಅದೇ ನಾತ. ರುದ್ರಿ ಎಲೆ ಮುಟ್ಟಲಿಲ್ಲ. ಬೆಳಗ್ಗೆ ನಾನು ಕಾಫಿಯಾದರೂ ಕುಡಿದಿದ್ದೆ, ಅವಳು ಅದೂ ಇಲ್ಲ.

ಲಾಲ್‌ಬಾಗ್. ರುದ್ರಿ ಬಿಳಚಿಕೊಂಡಿದ್ದಳು. ನಾಚಿಕೆ ಬಿಟ್ಟು ಕಾವಲಿನವನನ್ನು ಕೇಳಿದಳು, "ಅಣ್ಣಾ, ಇಲ್ಲಿ ತೋಟ ಎಲ್ಲೈತೆ?"

ಅವನು ಎರಡೂ ಕೈ ಅಗಲಿಸಿ ಹೆಮ್ಮೆಯಿಂದ, "ಇದೆಲ್ಲಾ ತೋಟಾನೇ ಕಣಮ್ಮ. ಎಷ್ಟು ಬೇಕೋ ಅಷ್ಟು ನೋಡ್ಕೊಳ್ಳಿ."

ಇಬ್ಬರಿಗೂ ನಗು. ನಗುವುದೂ ಅಪಾಯ.

ಗಾಜಿನ ಮನೆಯ ಮುಂದೆ ಗ್ರೂಪ್ ಫೋಟೋ. ರುದ್ರಿ ಕುಸಿದಳು. ಹಸಿರು ನೀರು ಕಕ್ಕಿದಳು. "ವಾಟ್ ಹ್ಯಾಪನ್ಡ್?" — ಮೇಷ್ಟ್ರು ಕೇಳಿದ್ದು ನನ್ನನ್ನೇ. ಹುಡುಗರೆಲ್ಲ ಸುತ್ತ ನಿಂತಿದ್ದರು.

"ಹೆಡೇಕ್, ಸರ್."

20-12-79, ಗುರುವಾರ

ಸೋಮವಾರದಿಂದ ರುದ್ರಿ ಕ್ಲಾಸಿಗಿಲ್ಲ. ಹಿಂದಿನ ಬೆಂಚಿನಲ್ಲಿ ಪಿಸುಪಿಸು. "ತಲೆಸುತ್ತು, ವಾಂತಿ... ಎಷ್ಟನೇ ತಿಂಗಳಂತೆ ಕಣ್ಲಾ?" ಕಿಸಕ್ಕೆಂದು ನಗು.

ಆ ಲ್ಯಾಟ್ರಿನ್‌ಗಿಂತ ಇವರ ಬಾಯಿ ಹೊಲಸು.

ಮಾತು ಬಸ್ಸು ಹತ್ತಿ ಹೊನ್ನವಳ್ಳಿಗೂ ಹೋಗಿದೆ. ಕಾಲೇಜು ಬಿಡಿಸುತ್ತಾರಂತೆ. ನನ್ನ 'ಹೆಡೇಕ್' ನೆನೆದರೆ ನನಗೇ ಹೇಸಿಗೆ.

22-12-79, ಶನಿವಾರ

ಹೊನ್ನವಳ್ಳಿಗೆ ಹೋದೆ. ನಂಜುಂಡಪ್ಪನವರು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ನಿನ್ನ ನಂಬಿ ಕಳಿಸ್ದೆ. ಏನಾಯ್ತು, ಹೇಳ್ಬುಡು."

ಬಸ್ಸಿನಲ್ಲಿ ದಾರಿಯುದ್ದಕ್ಕೂ 'ಡಿಹೈಡ್ರೇಷನ್' ಅಂತ ಬಾಯಿಪಾಠ ಮಾಡಿದ್ದೆ. ಅದನ್ನು ಅಲ್ಲೇ ಬಿಟ್ಟೆ. ನೆಲ ನೋಡಿಕೊಂಡು ಹೇಳಿದೆ, "ಬೆಂಗಳೂರಲ್ಲಿ ತೋಟ ಇರ್ಲಿಲ್ಲ. ಅದಕ್ಕೇ ಅವಳು ಹಿಂದಿನ ದಿನದಿಂದ ನೀರೇ ಕುಡೀಲಿಲ್ಲ."

ಅವರ ಕೈ ನಿಂತಿತು. "ಅಷ್ಟ್ ದೊಡ್ಡೂರಲ್ಲಾ?"

"ಹೂಂ."

ಒಳಗಿನಿಂದ ರುದ್ರಿಯ ತಾಯಿ ನಿಂಗಮ್ಮ: "ನೀರು ಕುಡೀದೇ ಹಿಂಗಾಗಿದ್ದು ಅಂತ ನಾನು ಬಡ್ಕೊಂಡೆ, ಕೇಳಿದ್ರಾ? ಗಂಡಸ್ರು, ನಿಮಗೇನು, ಗೋಡೆ ಕಂಡ್ರೆ ಆಯ್ತು."

ನಂಜುಂಡಪ್ಪನವರು ಎದ್ದು ಹೋಗಿ ಒಂದು ಎಳನೀರು ಕೆತ್ತಿ ತಂದು ನನ್ನ ಕೈಗಿಟ್ಟರು. "ಕುಡಿಯವ್ವ. ಇಲ್ಲಿ ತೋಟ ಐತೆ." ಆಮೇಲೆ, ಬೇರೆಲ್ಲೋ ನೋಡುತ್ತಾ, "ಸೋಮವಾರ ಬತ್ತಾಳೆ."

24-12-79, ಸೋಮವಾರ

ಬಂದಳು. ಹಿಂದಿನ ಬೆಂಚಿನ ಕಡೆ ತಿರುಗಿಯೂ ನೋಡಲಿಲ್ಲ.

ಮೇಷ್ಟ್ರು ರಿಪೋರ್ಟ್ ಕೇಳಿದರು. ಇನ್ನು ಮುಂದೆ ಹುಡುಗಿಯರಿಗೆ ಟ್ರಿಪ್ ಇಲ್ಲವಂತೆ. "ದೇ ಆರ್ ಡೆಲಿಕೇಟ್, ಅದನ್ನೂ ಸೇರಿಸಿ ಬರಿ." ಡೆಲಿಕೇಟ್. ಥೂ.

ಪೆನ್ನು ಹಿಡಿದು ಕೂತಿದ್ದೆ. ರುದ್ರಿ ಭುಜದ ಮೇಲಿಂದ ಬಗ್ಗಿ ನೋಡಿ, "ನಮ್ಮಪ್ಪಂಗೇ ಹೇಳ್ದೆ ನೀನು. ಈ ಮೇಷ್ಟ್ರೇನು ಅವರಿಗಿಂತ ದೊಡ್ಡೋರಾ? ಬರಿಯೇ" ಅಂದಳು.

ಬರೆದೆ. ಬೆಂಗಳೂರಿನಲ್ಲಿ ನೋಡತಕ್ಕ ಸ್ಥಳಗಳು. ಮೊದಲನೆಯದು, ನಾವು ಹುಡುಗಿಯರೆಲ್ಲ ಇಡೀ ಊರು ಹುಡುಕಿದರೂ ನೋಡಲು ಸಿಗದ ತೋಟ: ಚಿಲಕವಿರುವ ಒಂದು ಲ್ಯಾಟ್ರಿನ್.