ಸೋಮವಾರದ ಖಾಲಿ ಹಗ್ಗ

ಬೂಟಲ್, ಲಿವರ್‌ಪೂಲ್
೬ ಏಪ್ರಿಲ್ ೧೯೪೧

ಪ್ರೀತಿಯ ಕ್ಲಿಫರ್ಡ್,

ಅಮ್ಮನ ಅಕ್ಕರೆಯ ಹಾರೈಕೆಗಳು. ನಿನ್ನ ಎರಡು ಕಾಗದಗಳಿಗೂ ಉತ್ತರ ತಡವಾಯಿತು, ಮನ್ನಿಸು. ಗ್ರೀನಕ್ ಆಸ್ಪತ್ರೆಯಲ್ಲಿ ನಿನ್ನ ಕಾಲಿನ ಕಟ್ಟು ಬಿಚ್ಚಿದರೆಂದು ಓದಿ ಉಸಿರು ಬಂದಂತಾಯಿತು.

ಹೆಡ್‌ವಿಗ್ ಏಕೆ ಬರೆಯುತ್ತಿಲ್ಲವೆಂದು ಕೇಳಿದ್ದೀಯೆ. ನಮ್ಮ ಮನೆಯಲ್ಲೇ ಇದ್ದ, ನೀನು ಮದುವೆಯಾಗಬೇಕಾದ ಹುಡುಗಿಯನ್ನು ಪೊಲೀಸರು ಹತ್ತು ದಿನಗಳ ಹಿಂದೆ ಕರೆದೊಯ್ದರು.

ಗಂಡಸರ ಹಡಗು ಹೊರಡುವ ದಿನ ನಮ್ಮ ಬೀದಿಯ ಹೆಂಗಸರು ಬಟ್ಟೆ ಒಗೆಯುವುದಿಲ್ಲ. ಒಗೆದರೆ ಹಡಗು ಮುಳುಗೀತೆಂಬ ಭಯ. ನೀನು ಹೊರಟ ಸೋಮವಾರ ಅವಳೊಬ್ಬಳೇ ನಿನ್ನ ಎರಡು ಅಂಗಿಗಳನ್ನು ಒಗೆದು ಹಿತ್ತಲ ಹಗ್ಗದ ಮೇಲೆ ಹರವಿದಳು. ಪಕ್ಕದ ಮನೆಯ ಶ್ರೀಮತಿ ಆಲರನ್‌ಶಾ ಗೋಡೆಯಾಚೆಯಿಂದ ನನ್ನನ್ನು ಕರೆದು, “ನೋಡ್ರೀ ಆಗ್ನೆಸ್, ನಿಮ್ಮ ಜರ್ಮನ್ ಸೊಸೆ ಯಾರಿಗೋ ಬಾವುಟ ತೋರಿಸ್ತಿದಾಳೆ!” ಎಂದಳು. ನಾನು ಗದರಿದಾಗ ಹುಡುಗಿ ನಕ್ಕು, “ಒದ್ದೆ ಅಂಗಿ ಬಕೆಟ್ಟಲ್ಲೇ ಕೊಳೀಬೇಕಾ ಅಮ್ಮಾ?” ಎಂದಳು.

ಐದನೆಯ ದಿನ ಜರ್ಮನ್ ಸಬ್‌ಮರೀನುಗಳು ನಿಮ್ಮ ಹಡಗುಸಾಲಿನ ನಡುವೆ ನುಗ್ಗಿದವು. ನಿನ್ನ ಹಡಗು ಮುಳುಗಿದ ಸುದ್ದಿ ಬಂದ ಮೇಲೆ ಅವಳ ಪ್ರತಿಯೊಂದು ನಡೆಯೂ ನನಗೆ ಬೇರೆಯಾಗಿ ಕಂಡಿತು. ಬಂದರಿನ ಕಡೆಯೇ ಏಕೆ ನಡೆಯುತ್ತಾಳೆ? ಕಾಗದ ಬರೆಯುವಾಗ ಕೈ ಏಕೆ ಅಡ್ಡ ಹಿಡಿಯುತ್ತಾಳೆ? ಅಷ್ಟರಲ್ಲಿ, ಬಟ್ಟೆ ಹರವಿ ಅವಳು ಶತ್ರುವಿಗೆ ಸನ್ನೆ ಮಾಡಿದಳೆಂಬ ಸಹಿಯಿಲ್ಲದ ದೂರೊಂದು ಠಾಣೆಗೆ ತಲುಪಿತು.

ನಿನ್ನೆ ಇನ್ಸ್‌ಪೆಕ್ಟರ್ ಗಾರ್ಸ್ಟಾಂಗ್ ಬಂದು ಹಿತ್ತಲಲ್ಲಿ ನಿಂತರು.

“ಆ ಸೋಮವಾರ ನಿಮ್ಮ ಹಗ್ಗದ ಮೇಲೆ ಆ ಎರಡು ಅಂಗಿ ಬಿಟ್ಟು ಬೇರೇನಿತ್ತು?”

“ಏನೂ ಇಲ್ಲ. ಹಡಗು ಹೊರಡೋ ದಿನ ಯಾರು ಒಗೀತಾರೆ?”

“ಊರೆಲ್ಲ ಒಗೆಯೋ ಸೋಮವಾರ ಬೀದಿಗೆ ಬೀದೀನೇ ಖಾಲಿ! ರೈಲಿನ ಕಿಟಕೀಲಿ ಕೂತೋನಿಗೂ ಹಡಗು ಹೊರಟ್ವು ಅಂತ ತಿಳಿಯುತ್ತಲ್ಲ ತಾಯೀ. ಶತ್ರು ನೋಡಿದ್ನೋ ಇಲ್ವೋ, ನಾ ಕಾಣೆ. ನಾವು ಮಾತ್ರ ಬಟ್ಟೆ ಹರವಿದ ಒಬ್ಬಳನ್ನ ಹಿಡ್ಕೊಂಡಿದ್ದೀವಿ.”

ದೂರು ಕೊಟ್ಟವರು ತಾವಾಗಿ ಬಂದು ಅದನ್ನು ಹಿಂತೆಗೆದುಕೊಂಡರೆ ಅವಳು ಬಿಡುಗಡೆಯಾದಾಳು. ಇಲ್ಲವಾದರೆ ಬುಧವಾರ ಶತ್ರುದೇಶದ ಹೆಂಗಸರನ್ನು ಕೂಡಿಡುವ ಮ್ಯಾನ್ ದ್ವೀಪದ ಶಿಬಿರಕ್ಕೆ ಕಳಿಸುತ್ತಾರಂತೆ.

ಬೇಗ ಎದ್ದು ನಡೆಯುವಂತಾಗು, ಮಗು. ದೇವರು ನಿನ್ನನ್ನು ಕಾಯಲಿ.

ನಿನ್ನ ತಾಯಿ,
ಆಗ್ನೆಸ್ ಟ್ರ್ಯಾಂಟರ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ದೂರು ಬರೆದವಳು ನಾನು. ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ಹೇಳುತ್ತೇನೆ. ಆ ದೂರಿನ ಕಾಗದವನ್ನು ಹೆಡ್‌ವಿಗ್‌ಳ ಮುಂದೆ ಹಿಡಿದು, “ಈ ಅಕ್ಷರ ಯಾರದು?” ಎಂದು ಇನ್ಸ್‌ಪೆಕ್ಟರ್ ಕೇಳಿದ್ದರಂತೆ. ಎರಡು ವರ್ಷ ನಾನು ಬರೆದ ಸಾಮಾನು ಚೀಟಿ ಹಿಡಿದು ಅಂಗಡಿಗೆ ಹೋಗುತ್ತಿದ್ದ ಹುಡುಗಿ, ಬಹಳ ಹೊತ್ತು ನೋಡಿ, “ಗೊತ್ತಿಲ್ಲ” ಎಂದಳಂತೆ.